ಹಿರಿಯರಿಗೆ ಆನ್‌ಲೈನ್ ಕೋರ್ಸ್ ಹೇಳಬಹುದಾ?
ಪಶ್ಚಿಮ ಆಸ್ಟ್ರೇಲಿಯಾದ ಕಿಂಬರ್ಲಿ ಪ್ರದೇಶದ ಅಬೊರಿಜಿನಲ್ (ಮೂಲನಿವಾಸಿ) ಹಿರಿಯರಿಗೆ ಟ್ಯಾಸ್ಮೇನಿಯಾ ವಿಶ್ವವಿದ್ಯಾಲಯದ ಡಿಮೆನ್ಷಿಯಾ (ಮರೆವಿನ ಕಾಯಿಲೆ) ತಡೆಯುವ ಬಗ್ಗೆ ಇರುವ ಉಚಿತ ಆನ್‌ಲೈನ್ ಕೋರ್ಸ್ ಹೇಳಬಹುದಾ ಅಂತ ಕೇಳಿದ್ದೀರಿ. ಖಂಡಿತ ಹೇಳಿ, ಆದರೆ ಲಿಂಕ್ ಕಳಿಸಿ ಸುಮ್ನೆ ಕೂರಬೇಡಿ. ನಾಲ್ಕೈದು ಜನರನ್ನು ಸೇರಿಸಿ, ಟೀ ಕುಡಿಯುತ್ತಾ ಒಂದೊಂದೇ ವಿಡಿಯೋ ಹಾಕಿ, ಅಲ್ಲಲ್ಲಿ ನಿಲ್ಲಿಸಿ ಅವರನ್ನೇ ಮಾತಾಡಲು ಬಿಡಿ. ಅವರ ಸಮುದಾಯದ ಆರೋಗ್ಯ ಕಾರ್ಯಕರ್ತರೇ ನಡೆಸಿಕೊಟ್ಟರೆ ಇನ್ನೂ ಒಳ್ಳೆಯದು.

ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ತಜ್ಞರ ಆಯೋಗ 2024ರಲ್ಲಿ ಹೆಸರಿಸಿದ, ಡಿಮೆನ್ಷಿಯಾ ಬರುವ ಸಾಧ್ಯತೆ ಹೆಚ್ಚಿಸುವ 14 ಅಪಾಯಗಳಲ್ಲಿ ಬಿಪಿ, ಸಕ್ಕರೆ ಕಾಯಿಲೆ, ಒಂಟಿತನ, ಕಿವಿ ಮಂದವಾಗುವುದು ಎಲ್ಲ ಇವೆ. ನಾನಾದರೆ ಕಿವಿಯಿಂದಲೇ ಶುರು ಮಾಡುತ್ತೇನೆ. ಚಿಕ್ಕಂದಿನಲ್ಲಿ ಕಿವಿ ಸೋರಿ ಕೇಳಿಸುವುದು ಕಮ್ಮಿಯಾದವರು ಅಲ್ಲಿ ಜಾಸ್ತಿ, ಅಲ್ವಾ? ಹೆಡ್‌ಫೋನ್, ಪರದೆ ಮೇಲೆ ದೊಡ್ಡ ಅಕ್ಷರ ಇಲ್ಲದಿದ್ದರೆ ಪಾಠವೇ ತಲುಪುವುದಿಲ್ಲ. ಮೊದಲು ಕಿವಿ ಪರೀಕ್ಷೆ ಮಾಡಿಸಿ.