ಪಹಣಿಯಲ್ಲಿ ಹೆಸರಿಲ್ಲದ ಮಲೆನಾಡಿನ ಹೆಂಗಸರು

ಜೋಗ, ಸಿಗಂದೂರು, ಆಗುಂಬೆ ಕಡೆ ಸುತ್ತಾಡಿ ಬಂದ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಇಷ್ಟು ಚೆಂದದ ಮಲೆನಾಡಿನ ಹಳ್ಳಿಗಳಲ್ಲಿ ಹೆಂಗಸರ ಸ್ಥಿತಿಗತಿ ನಿಜಕ್ಕೂ ಹೇಗಿದೆ? ಮಳೆ, ಕಾಡು ಬದಲಾಗುತ್ತಿರುವುದರಿಂದ ಅವರ ಬದುಕಿನಲ್ಲಿ ಏನಾದರೂ ವ್ಯತ್ಯಾಸವಾಗಿದೆಯೇ? ನಾನು ಹೊಸನಗರದ ಕಡೆ ಹುಟ್ಟಿ, ಸಾಗರ ತಾಲ್ಲೂಕಿನ ಹಳ್ಳಿಯೊಂದಕ್ಕೆ ಸೊಸೆಯಾಗಿ ಬಂದವಳು. ಒಂದು ಅವಧಿಗೆ ಗ್ರಾಮ ಪಂಚಾಯಿತಿ ಸದಸ್ಯೆಯೂ ಆಗಿದ್ದೆ. ಕಂಡದ್ದನ್ನು ಹೇಳುತ್ತೇನೆ.

ನಮ್ಮ ಹೆಂಗಸರ ಕೈಯಲ್ಲಿ ಈಗ ನಾಲ್ಕು ಕಾಸು ಓಡಾಡುತ್ತಿದೆ, ಮಾತಿಗೂ ಮೊದಲಿಗಿಂತ ಬೆಲೆ ಬಂದಿದೆ. ಜಮೀನಿನ ದಾಖಲೆಯಾದ ಪಹಣಿಯಲ್ಲಿ ಮಾತ್ರ ಹೆಸರಿಲ್ಲ. ಮಳೆ ಕೆಟ್ಟಾಗ, ಕಾಡು ಬರಿದಾದಾಗ ಮುಂದೇನು ಮಾಡುವುದೆಂದು ತೀರ್ಮಾನಿಸುವವರು ಪಹಣಿಯಲ್ಲಿ ಹೆಸರಿರುವವರು. ಆ ತೀರ್ಮಾನದ ಭಾರ ಹೊರುವವರು ಹೆಸರಿಲ್ಲದವರು. ನಿಮ್ಮ ಎರಡು ಪ್ರಶ್ನೆಗಳೂ ನನಗೆ ಒಂದೇ ಆಗಿ ಕಾಣುವುದು ಈ ಕಾರಣಕ್ಕೆ.

ನೀವು ಬಸ್ಸಿನ ಕಿಟಕಿಯಿಂದ ನೋಡಿದ ಹಸಿರಿನಲ್ಲಿ ತಾನಾಗಿ ಬೆಳೆದದ್ದಕ್ಕಿಂತ ಮೈಮುರಿದು ಉಳಿಸಿಕೊಂಡದ್ದು ಹೆಚ್ಚು. ಅಡಿಕೆ ತೋಟಕ್ಕೆ ಗೊಬ್ಬರ ಬೇಕು, ಗೊಬ್ಬರಕ್ಕೆ ಕೊಟ್ಟಿಗೆ ಬೇಕು, ಕೊಟ್ಟಿಗೆಗೆ ಹಾಸಲು ಮಳೆಗಾಲದಲ್ಲಿ ಹಸಿ ಸೊಪ್ಪು, ಬೇಸಗೆಯಲ್ಲಿ ದರಕು, ಅಂದರೆ ಉದುರಿದ ಒಣ ಎಲೆ ಬೇಕು. ಅದಕ್ಕೆಂದೇ ತೋಟದ ಬೆನ್ನಿಗೆ ಸೊಪ್ಪಿನ ಬೆಟ್ಟ ಇರುತ್ತದೆ. ಬ್ರಿಟಿಷರ ಕಾಲದಲ್ಲಿ ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೂ ಬೆಟ್ಟ ಬಿಟ್ಟುಕೊಡುತ್ತಿದ್ದರು. ಅಷ್ಟು ಬೆಟ್ಟದಿಂದ ಸೊಪ್ಪು, ದರಕು ಹೊತ್ತು ತರುವುದು, ಹಾಸುವುದು, ಸಗಣಿ ಬಾಚುವುದು, ಗೊಬ್ಬರದ ಗುಂಡಿಗೆ ಎಳೆಯುವುದು, ಹಾಲು ಕರೆದು ಡೇರಿಗೆ ಮುಟ್ಟಿಸುವುದು, ಇವೆಲ್ಲ ಬಹುಪಾಲು ಹೆಂಗಸರ ಪಾಲಿನವು. ಜಮೀನು ಇರುವ ಮನೆಯಲ್ಲಿ ಇದು ಮನೆಗೆಲಸದ ಲೆಕ್ಕಕ್ಕೆ ಹೋಗುತ್ತದೆ. ಕೂಲಿಗೆ ಬರುವ ಹೆಂಗಸಿಗೆ ಸಂಬಳವಿದೆ, ಆದರೆ ಅದು ಗಂಡಾಳಿಗಿಂತ ಕಡಿಮೆ.

ಅಡಿಕೆ ಕೊಯ್ಲಿನ ಕಾಲದಲ್ಲಿ, ಅಂದರೆ ನವೆಂಬರಿನಿಂದ ಫೆಬ್ರುವರಿವರೆಗೆ ಬಂದಿದ್ದರೆ ನಿಮಗೆ ಇನ್ನೊಂದು ಕೆಲಸ ಕಾಣುತ್ತಿತ್ತು. ಮೆಟ್ಟುಗತ್ತಿಯ ಮಣೆಯನ್ನು ಕಾಲಿನಿಂದ ಒತ್ತಿ ಕುಳಿತು, ಹಸಿ ಕಾಯನ್ನು ಅಲಗಿಗೆ ಕೊಟ್ಟು, ಸಿಪ್ಪೆ ಬಿಡಿಸಿ ಬುಟ್ಟಿಗೆ ಎಸೆಯುವ ಕೆಲಸ ಅದು. ಪಳಗಿದ ಕೈಯಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಅಡಿಕೆ. ಮೂರನೆಯ ದಿನಕ್ಕೆ ಅಂಗೈ ಕಪ್ಪಾಗುತ್ತದೆ, ಹೆಬ್ಬೆರಳ ಸಂದಿ ಒಡೆಯುತ್ತದೆ. ರಾತ್ರಿ ಮುರುಗಲು ತುಪ್ಪ ಸವರಿಕೊಂಡು ಮಲಗಿ ಬೆಳಿಗ್ಗೆ ಎದ್ದರೆ ಮತ್ತೆ ಅದೇ ಕತ್ತಿ. ಈಗ ಸುಲಿಯುವ ಯಂತ್ರ ಬಂದಿದೆ. ನಮ್ಮ ಸೊಂಟಕ್ಕೆ ಅದು ನಿಜವಾದ ಬಿಡುಗಡೆ, ಅದರ ವಿರುದ್ಧ ನಾನೊಂದು ಮಾತೂ ಆಡಲಾರೆ. ಆದರೆ ಯಂತ್ರ ನಡೆಸಿ ಬಾಡಿಗೆ ಎಣಿಸುವವರು ಗಂಡಸರು. ಸುಲಿದ ತೂಕಕ್ಕೆ ಕೂಲಿ ಪಡೆಯುತ್ತಿದ್ದ ಹೆಂಗಸರಿಗೆ ಆ ನಾಲ್ಕು ತಿಂಗಳ ಸಂಪಾದನೆ ಕೈಬಿಟ್ಟಿತು. ಮಗಳ ಕಾಲೇಜು ಶುಲ್ಕವನ್ನು ಅದರಿಂದಲೇ ಹೊಂದಿಸುತ್ತಿದ್ದವರನ್ನು ನಾನು ಬಲ್ಲೆ.

ಇದಕ್ಕಿಂತ ದೊಡ್ಡ ಬದಲಾವಣೆ ಗದ್ದೆಯದು. ಅಡಿಕೆಗೆ ಬೆಲೆ ಏರಿತು, ಕಾಡುಹಂದಿ ಮತ್ತು ಮಂಗಗಳ ಹಾವಳಿಗೆ ಭತ್ತ ದಕ್ಕದಾಯಿತು. ಒಂದೊಂದೇ ಗದ್ದೆಗೆ ಮಣ್ಣು ಏರಿಸಿ ಅಡಿಕೆ ಸಸಿ ನೆಟ್ಟರು. ಹಾಗೆ ಮಾಡಿದವರನ್ನು ದೂರುವಂತಿಲ್ಲ, ಲೆಕ್ಕ ಹಾಕಿದರೆ ಯಾರಾದರೂ ಅದನ್ನೇ ಮಾಡುತ್ತಾರೆ. ಆದರೆ ಆ ಲೆಕ್ಕದಲ್ಲಿ ಕೆಲವು ಸಂಗತಿಗಳು ಬರಲಿಲ್ಲ. ನಟ್ಟಿ, ಕಳೆ, ಕೊಯ್ಲಿನಲ್ಲಿ ಕೂಲಿ ಪಡೆಯುತ್ತಿದ್ದ ಹೆಂಗಸರ ಕೆಲಸ ಹೋಯಿತು. ಭತ್ತದ ಹುಲ್ಲು ಹೋಯಿತು, ಈಗ ಲಾರಿಯಲ್ಲಿ ಬಯಲುಸೀಮೆಯಿಂದ ತರಿಸುತ್ತೇವೆ. ಹುಲ್ಲಿಗೆ ದುಡ್ಡು ಕೊಟ್ಟು ದನ ಸಾಕುವುದು ಕಷ್ಟವೆಂದು ಕೊಟ್ಟಿಗೆಗಳು ಖಾಲಿಯಾದವು, ಅದರೊಂದಿಗೆ ಹೆಂಗಸಿನ ಸ್ವಂತ ಖರ್ಚಿಗೆ ಸಿಗುತ್ತಿದ್ದ ಹಾಲಿನ ದುಡ್ಡೂ ಹೋಯಿತು. ಮಳೆಗಾಲವಿಡೀ ನೀರು ನಿಲ್ಲಿಸಿಕೊಳ್ಳುತ್ತಿದ್ದ ಗದ್ದೆ ಬಯಲೇ ಇಲ್ಲವಾದ ಮೇಲೆ ಬೇಸಗೆಯ ಬಾವಿ ಬೇಗ ತಳ ಕಾಣತೊಡಗಿತು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಂಥ ಸೀಮೆಯ ಸುತ್ತಮುತ್ತಲೇ ಏಪ್ರಿಲಿನಲ್ಲಿ ಕೊಡ ಹಿಡಿದು ನಿಲ್ಲುವ ಮನೆಗಳಿವೆ. ಗುಡ್ಡದ ಒರತೆಯಿಂದ ಮನೆ ಬಾಗಿಲಿಗೆ ಹರಿದುಬರುತ್ತಿದ್ದ ಅಬ್ಬಿ ನೀರು ನಮ್ಮಲ್ಲೂ ಬೇಸಗೆಯಲ್ಲಿ ನಿಂತುಹೋಗುತ್ತದೆ.

ಸಾಗರ, ಸೊರಬದ ದೀವರ ಸಮುದಾಯದ ಮನೆಗಳಲ್ಲಿ ಭೂಮಿ ಹುಣ್ಣಿಮೆ ದೊಡ್ಡ ಹಬ್ಬ. ತೆನೆಗಟ್ಟುತ್ತಿರುವ ಗದ್ದೆಯನ್ನು ಬಸುರಿ ಎಂದು ಭಾವಿಸಿ ಬಯಕೆಯ ಅಡುಗೆ ಬಡಿಸುವ ಹಬ್ಬ ಅದು. ಹೆಂಗಸರು ದಿನಗಟ್ಟಲೆ ಮೊದಲೇ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಎಳೆ ಎಳೆಯಾಗಿ ಚಿತ್ತಾರ ಬರೆಯುತ್ತಾರೆ. ಅದಕ್ಕೆ ಭೂಮಣ್ಣಿ ಬುಟ್ಟಿ ಎನ್ನುತ್ತಾರೆ. ರಾತ್ರಿಯಿಡೀ ಅಡುಗೆ, ಬೆರಕೆ ಸೊಪ್ಪಿನ ಪಲ್ಯ. ಎಷ್ಟು ಬಗೆಯ ಸೊಪ್ಪು ಗೊತ್ತು ಎಂಬುದರ ಮೇಲೆ ಮನೆಯ ಹಿರಿಯ ಹೆಂಗಸಿನ ಹೆಚ್ಚುಗಾರಿಕೆ. ಬೆಳಗಿನ ಜಾವ ಗದ್ದೆಗೆ ಹೋಗಿ ಎಡೆ ಇಡುತ್ತಾರೆ. ಈಗ ಗದ್ದೆಯೇ ಇಲ್ಲದ ಮನೆಯವರು ಅಡಿಕೆ ಮರದ ಬುಡದಲ್ಲಿ ಪೂಜೆ ಮಾಡುತ್ತಾರೆ. ಬುಟ್ಟಿಯ ಮೇಲೆ ಬರೆಯುವುದು ಇಂದಿಗೂ ಭತ್ತದ ಸಸಿಯನ್ನೇ. ಅದನ್ನು ಬರೆಯುತ್ತಿದ್ದ ಅಜ್ಜಿಯೊಬ್ಬರ ಪಕ್ಕ ಕುಳಿತು ನಾನು ನೋಡಿದ್ದೇನೆ. ಹಿಟ್ಟಿನಲ್ಲಿ ಅದ್ದಿದ ನಾರಿನ ಕುಂಚ ಒಮ್ಮೆಯೂ ನಡುಗಲಿಲ್ಲ. ಗದ್ದೆಗೆ ಮಣ್ಣು ತುಂಬಿಸುವಾಗ ಮಕ್ಕಳು ಅವರನ್ನು ಒಂದು ಮಾತು ಕೇಳಿರಲಿಲ್ಲ.

ಕಾಡಿನ ವಿಷಯಕ್ಕೆ ಬರುತ್ತೇನೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಇನ್ನೂ ನಮ್ಮನ್ನು ಬಿಟ್ಟಿಲ್ಲ. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ, ದರಕು ಗುಡಿಸುವ ಕಾಲವೂ ಅದೇ. ಸತ್ತ ಮಂಗದ ಮೈಯಿಂದ ಉದುರಿದ, ರೋಗ ಹರಡುವ ಉಣುಗು (ಉಣ್ಣೆ) ಒಣ ಎಲೆಯಲ್ಲಿ ಕಾದು ಕುಳಿತಿರುತ್ತದೆ. ಬಗ್ಗಿ ಎಲೆ ಬಾಚುವ, ಕಟ್ಟಿಗೆ ಆರಿಸುವ ಹೆಂಗಸಿನ ಕಾಲಿಗೆ ಹತ್ತುತ್ತದೆ. 2019ರ ಮೊದಲ ತಿಂಗಳುಗಳಲ್ಲಿ ನಮ್ಮದೇ ತಾಲ್ಲೂಕಿನ ಅರಲಗೋಡು ಭಾಗದಲ್ಲಿ ಹಲವರನ್ನು ಕಳೆದುಕೊಂಡೆವು. ಹಳೆಯ ಲಸಿಕೆಯ ಬಳಕೆಯೂ 2022ರಲ್ಲಿ ನಿಂತಿತು. ಆ ದಿನಗಳಲ್ಲಿ ಮನೆ ಮನೆಗೆ ಉಣುಗು ಹತ್ತದಂತೆ ತಡೆಯುವ ಎಣ್ಣೆಯ ಬಾಟಲಿ ಹಿಡಿದು, ಕಾಡಿಗೆ ಹೋಗುವ ಮುನ್ನ ಕೈಕಾಲಿಗೆ ಹಚ್ಚಿಕೊಳ್ಳಿ ಎಂದು ಹೇಳುತ್ತ ನಡೆದವರು ಆಶಾ ಕಾರ್ಯಕರ್ತೆಯರು. ಕಾಡಂಚಿನ ಮನೆಗಳಿಗೆ ನಡೆದೇ ಹೋಗಬೇಕು, ಅವರಿಗೂ ಉಣುಗಿನ ಭಯ ಇದ್ದೇ ಇತ್ತು. ಅವರಿಗೆ ಸಿಗುವುದು ಗೌರವಧನ, ಸಂಬಳವೂ ಅಲ್ಲ. ಇದನ್ನು ಬರೆಯುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

ಮಂಗ ತೋಟಕ್ಕೆ ಬರುವುದೇಕೆ ಎಂದು ಕೇಳಿದರೆ ಊರಿನ ಯಾವ ಹೆಂಗಸೂ ಅಕೇಶಿಯಾ ನೆಡುತೋಪಿನತ್ತ ಕೈ ತೋರಿಸುತ್ತಾಳೆ. 1980ರ ನಂತರ ಶಿವಮೊಗ್ಗ, ಚಿಕ್ಕಮಗಳೂರು ಭಾಗದಲ್ಲಿ ಕಾಗದ ಕಾರ್ಖಾನೆಗೆಂದು ಗುತ್ತಿಗೆ ಕೊಟ್ಟ ಗುಡ್ಡಗಳಲ್ಲಿ ಅಕೇಶಿಯಾ, ನೀಲಗಿರಿ ತುಂಬಿದವು. ಅಲ್ಲಿ ಮಂಗಕ್ಕೆ ತಿನ್ನಲು ಹಣ್ಣಿಲ್ಲ, ದನಕ್ಕೆ ಹುಲ್ಲಿಲ್ಲ, ನಮಗೆ ಸೊಪ್ಪಿಲ್ಲ. ಅದರ ಎಲೆ ಗೊಬ್ಬರದ ಗುಂಡಿಯಲ್ಲಿ ಬೇಗ ಕೊಳೆಯುವುದೂ ಇಲ್ಲ. ಗುತ್ತಿಗೆ ಮುಗಿದು 2020ರಲ್ಲಿ ಮತ್ತೆ ನವೀಕರಿಸಿದಾಗ ಜಿಲ್ಲೆಯಲ್ಲಿ ಚಳವಳಿ ನಡೆಯಿತು. ಹೆಂಗಸರಿಗೆ ಇದು ಹೊಸದಲ್ಲ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿ ಸುತ್ತಲಿನ ಜನ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡು ಕಡಿತ ನಿಲ್ಲಿಸಿದಾಗ ಅವರಲ್ಲಿ ಹೆಂಗಸರೂ ಇದ್ದರು. ಅದೇ ಶಿರಸಿಯಲ್ಲಿ 2001ರಲ್ಲಿ ಹುಟ್ಟಿದ ವನಸ್ತ್ರೀ ಬಳಗ ಇಂದಿಗೂ ಮನೆಹಿತ್ತಲಿನ ತರಕಾರಿ, ಗೆಡ್ಡೆಗಳ ಬೀಜ ಉಳಿಸಿ ಹಂಚುತ್ತಿದೆ. ಅಲ್ಲಿನ ಮೇಳದಿಂದ ತಂದ ಬೀಜ ನನ್ನ ಹಿತ್ತಲಿನಲ್ಲೂ ಇದೆ.

ಮಳೆಯ ಹದ ತಪ್ಪಿರುವುದನ್ನು ನೀವು ಸುದ್ದಿಯಲ್ಲಿ ನೋಡಿರುತ್ತೀರಿ. 2018ರಲ್ಲಿ ಕೊಡಗು, 2021ರಲ್ಲಿ ಯಲ್ಲಾಪುರದ ಕಳಚೆ, 2024ರ ಜುಲೈನಲ್ಲಿ ಅಂಕೋಲಾದ ಶಿರೂರು, ಈ ಗುಡ್ಡ ಕುಸಿತಗಳು ಎಲ್ಲರ ನೆನಪಿನಲ್ಲಿವೆ. ನಾನು ಸಣ್ಣದೊಂದು ಸಂಗತಿ ಹೇಳುತ್ತೇನೆ: ಕಾಲುಸಂಕ. ಹಳ್ಳದ ಮೇಲೆ ಎರಡು ಮರದ ದಿಮ್ಮಿ ಹಾಕಿ ಕಟ್ಟಿದ ದಾರಿ. ಒಂದೇ ರಾತ್ರಿ ಸುರಿಯುವ ಈಗಿನ ಮಳೆಗೆ ಹಳ್ಳ ಹೊತ್ತಿಲ್ಲದ ಹೊತ್ತಿನಲ್ಲಿ ಏರುತ್ತದೆ. ತಲೆಯ ಮೇಲೆ ಹುಲ್ಲಿನ ಹೊರೆ ಇಟ್ಟುಕೊಂಡು, ಪಾಚಿ ಹಿಡಿದ ದಿಮ್ಮಿಯ ಮೇಲೆ ಹೆಬ್ಬೆರಳು ಊರಿ ದಾಟುವವರು ಹೆಂಗಸರು, ಶಾಲೆಯ ಮಕ್ಕಳು. 2022ರಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಕಾಲುಸಂಕದಿಂದ ಜಾರಿ ತೀರಿಕೊಂಡಳು. ನಾನು ಸದಸ್ಯೆಯಾಗಿದ್ದಾಗ ಗ್ರಾಮಸಭೆಯಲ್ಲಿ ಹೆಂಗಸರು ಮೊದಲು ಕೇಳುತ್ತಿದ್ದದ್ದು ಕಾಲುಸಂಕ ಮತ್ತು ನೀರು. ನಮ್ಮ ವಾರ್ಡಿನಲ್ಲಿ ಒಂದಕ್ಕೆ ಸಿಮೆಂಟಿನ ಸೇತುವೆ ಆಯಿತು. ಅದನ್ನು ನಾನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತೇನೆ. ಪಂಚಾಯಿತಿಗಳಲ್ಲಿ ಹೆಂಗಸರಿಗೆ ಅರ್ಧದಷ್ಟು ಮೀಸಲಾತಿ 2010ರಿಂದ ಇರದಿದ್ದರೆ ನನ್ನಂಥವರು ಆ ಸಭೆಯಲ್ಲಿ ಕೂರುತ್ತಲೇ ಇರಲಿಲ್ಲ. ಸದಸ್ಯೆಯ ಗಂಡನೇ ಸಭೆ ನಡೆಸುವ ಊರುಗಳೂ ಇವೆ, ನಿಜ. ಎರಡನೆಯ ಸಲ ಗೆದ್ದ ಹೆಂಗಸಿನ ಮುಂದೆ ಆ ಆಟ ನಡೆಯುವುದಿಲ್ಲ ಎಂಬುದೂ ನಿಜ.

ಗಳಿಸಿದ್ದು ಇನ್ನೂ ಇದೆ. ಸ್ತ್ರೀಶಕ್ತಿ ಸಂಘಗಳು ಬಂದ ಮೇಲೆ ಚಿನ್ನ ಅಡವಿಡದೆ ಸಾಲ ಸಿಗುತ್ತದೆ. 2023ರಿಂದ ಗೃಹಲಕ್ಷ್ಮಿಯ 2,000 ರೂಪಾಯಿ ಹೆಂಗಸಿನ ಖಾತೆಗೇ ಬರುತ್ತಿದೆ. ಉಚಿತ ಬಸ್ ಮಾತ್ರ ನಮ್ಮ ಎಷ್ಟೋ ಊರುಗಳಿಗೆ ಮುಟ್ಟಿಲ್ಲ, ಏಕೆಂದರೆ ಇಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್. ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಮಾರಿ ಮನೆ ನಡೆಸುವವರಿದ್ದಾರೆ. ಹೋಂಸ್ಟೇಗಳಲ್ಲಿ ನೀವು ಉಂಡ ತಂಬುಳಿ, ಕಡುಬು ಮಾಡಿದ ಕೈಗೆ ದುಡ್ಡು ಎಷ್ಟು ಹೋಯಿತು ಎಂಬುದು ಆಯಾ ಮನೆಯ ಮೇಲೆ ನಿಂತಿದೆ.

ಇನ್ನು ಜಮೀನು. ಕಾನೂನಿನಲ್ಲಿ ಕೊರತೆಯಿಲ್ಲ. ಕರ್ನಾಟಕದಲ್ಲಿ 1994ರಿಂದಲೇ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹಕ್ಕು ಕೊಟ್ಟರು, ಅದಾಗಲೇ ಮದುವೆಯಾಗಿದ್ದವರನ್ನು ಬಿಟ್ಟು. 2005ರಲ್ಲಿ ಕೇಂದ್ರದ ತಿದ್ದುಪಡಿ ಎಲ್ಲ ಹೆಣ್ಣುಮಕ್ಕಳಿಗೂ ಸಮಪಾಲು ತಂದಿತು. ಆ ದಿನ ತಂದೆ ಬದುಕಿರಲೇಬೇಕೆಂದೇನೂ ಇಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿತು. ಅರಣ್ಯ ಹಕ್ಕು ಕಾಯ್ದೆಯಲ್ಲಂತೂ ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಇರಬೇಕೆಂದು ಬರೆದೇ ಇದೆ. ನಡೆಯುವುದು ಬೇರೆ. ತಂದೆ ತೀರಿಕೊಂಡ ಮೇಲೆ ಹೆಣ್ಣುಮಕ್ಕಳನ್ನು ಕರೆಸಿ, ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಕೊಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂಬ ಗಾದೆ ಆ ದಿನ ಯಾರ ಬಾಯಲ್ಲಾದರೂ ಬಂದೇ ಬರುತ್ತದೆ. ಸಹಿ ಹಾಕದಿದ್ದರೆ ತವರಿನ ಬಾಗಿಲು ಮುಚ್ಚುತ್ತದೆ ಎಂಬ ಭಯ. ಗಂಡನ ಮನೆಯ ಪಹಣಿಯಲ್ಲಿ ಗಂಡನೋ ಮಾವನೋ ಇರುತ್ತಾರೆ. ಹೀಗಾಗಿ ಸಹಕಾರ ಸಂಘದ ಬೆಳೆ ಸಾಲ, ಬೆಳೆ ವಿಮೆ, ಕೊಳೆ ರೋಗ ಬಂದು ಕಾಯಿ ಉದುರಿದಾಗಿನ ಪರಿಹಾರ ಯಾವುದೂ ಅವಳ ಹೆಸರಿಗೆ ಬರುವುದಿಲ್ಲ. ಸರ್ಕಾರದ ಲೆಕ್ಕದಲ್ಲಿ ಅವಳು ರೈತಳೇ ಅಲ್ಲ.

ನಮ್ಮ ಹುಡುಗರಿಗೆ ಹೆಣ್ಣು ಸಿಗುತ್ತಿಲ್ಲ ಎಂಬ ಗೋಳನ್ನು ನೀವು ಕೇಳಿರಬಹುದು. ಹೆಣ್ಣು ಹುಡುಕಿಕೊಂಡು ಉತ್ತರ ಭಾರತದವರೆಗೆ ಹೋದ ಸಮುದಾಯಗಳಿವೆ. ಈಗಿನ ಹುಡುಗಿಯರಿಗೆ ಮೈ ಬಗ್ಗುವುದಿಲ್ಲ, ಪೇಟೆಯ ಷೋಕಿ ಎಂದು ಹಿರಿಯರು ಬೈಯುತ್ತಾರೆ. ನಾನು ಒಪ್ಪುವುದಿಲ್ಲ. ಆ ಹುಡುಗಿಯರು ತಮ್ಮ ಅಮ್ಮಂದಿರನ್ನು ನೋಡಿದ್ದಾರೆ. ಬೆಂಗಳೂರಿನ ಬಾಡಿಗೆ ಮನೆಯಲ್ಲಿದ್ದರೂ ತಿಂಗಳ ಕೊನೆಗೆ ಸಂಬಳ ಅವರ ಹೆಸರಿಗೇ ಬರುತ್ತದೆ.

ನನ್ನ ಅಣ್ಣನ ಮಗಳು ಕೃಷಿ ಪದವೀಧರೆ. ಹಳ್ಳಿಯಲ್ಲೇ ಇದ್ದು ಕಾಳುಮೆಣಸು ಬೆಳೆಯಬೇಕು, ಜೇನು ಸಾಕಬೇಕು ಎಂಬ ಆಸೆ ಅವಳಿಗಿದೆ. ನೋಡಲು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು: ಒಂದು ಎಕರೆಯಾದರೂ ನನ್ನ ಹೆಸರಿಗೆ ಬರೆದುಕೊಡಿ. ಕೆಲವರು ಕಾಫಿ ಲೋಟ ಕೆಳಗಿಟ್ಟು ಎದ್ದು ಹೋದರು. ತೀರ್ಥಹಳ್ಳಿ ಕಡೆಯ ಒಂದು ಮನೆಯವರು ಮಾತ್ರ ಹೋಗಿ ಯೋಚಿಸಿ ತಿರುಗಿ ಬಂದರು. ಮಗನ ಹೆಸರಿಗೂ ಸೊಸೆಯ ಹೆಸರಿಗೂ ಜಂಟಿಯಾಗಿ ದಾನಪತ್ರ ಮಾಡಲು ಹುಡುಗನ ತಾಯಿಯೇ ಗಂಡನನ್ನು ಒಪ್ಪಿಸಿದ್ದಾರೆ. ಕುಟುಂಬದೊಳಗಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ಕ್ರಯಪತ್ರದಷ್ಟು ಬೀಳುವುದಿಲ್ಲ. ಇದನ್ನು ಓದುತ್ತಿರುವ ಹುಡುಗರ ಅಪ್ಪ ಅಮ್ಮಂದಿರು ದಯವಿಟ್ಟು ಗಮನಿಸಬೇಕು. ಆ ತಾಯಿ ನನ್ನೊಂದಿಗೆ ಫೋನಿನಲ್ಲಿ ಮಾತನಾಡುತ್ತಾ, ತಮ್ಮ ಹೆಸರಿನಲ್ಲೂ ಹತ್ತು ಗುಂಟೆ ಇರಲಿ ಎಂದು ಈ ನೆಪದಲ್ಲಿ ಕೇಳಿಯೇಬಿಟ್ಟೆ ಎಂದರು.