‘ಅದ್ಭುತ’ 14 ಸಲ, ನಗು ಒಂದೇ ಸಲ

ಸುರತ್ಕಲ್‌ನ ಗೆಳೆಯರೇ,

ಹಿಟ್ ಹಾಡುಗಳನ್ನು ಅಣಕಿಸಿ ಹಾಡುವ ಅಮೆರಿಕದ ಗಾಯಕ ‘ವಿಯರ್ಡ್ ಅಲ್’ ಯಾಂಕೋವಿಕ್ ಅವರ ‘ಮ್ಯಾಂಡೇಟರಿ ಫನ್’ ಆಲ್ಬಮ್ ಬಗ್ಗೆ ನೀವು ಕಳಿಸಿದ ಲೇಖನ ತಲುಪಿದೆ. ಎರಡು ಸಲ ಓದಿದೆ. ಒಮ್ಮೆ ಆಫೀಸಿನಲ್ಲಿ, ಇನ್ನೊಮ್ಮೆ ಮನೆಯಲ್ಲಿ ಆಲ್ಬಮ್ ಹಾಕಿಕೊಂಡು. ಈಗ ಇರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ‘ವಿಷಾದಿಸುತ್ತೇವೆ’ ಅಂತ ಒಂದು ಸಾಲು ಬರೆದು ಮುಗಿಸಬಹುದಿತ್ತು. ಮನಸ್ಸು ಬರಲಿಲ್ಲ. ಯಾಕೆಂದರೆ ನಾಲ್ಕನೇ ಪುಟದಲ್ಲಿ ಒಂದು ಪ್ಯಾರಾ ಉಂಟು. ಅದರ ವಿಷಯ ಆಮೇಲೆ ಹೇಳುತ್ತೇನೆ.

ಮೊದಲು ಬೈಗುಳ. ‘ಅದ್ಭುತ’ ಎಂಬ ಪದ ನಿಮ್ಮ ಲೇಖನದಲ್ಲಿ 14 ಸಲ ಬಂದಿದೆ. ಅದರಲ್ಲಿ 9 ಸಲ ‘ಅದ್ಬುತ’ ಆಗಿದೆ. ಈ ಆಲ್ಬಮ್ಮಿನಲ್ಲಿ ‘ವರ್ಡ್ ಕ್ರೈಮ್ಸ್’ ಅಂತ ಒಂದು ಹಾಡು ಇದೆಯಲ್ಲ, ವ್ಯಾಕರಣ ತಪ್ಪು ಮಾಡುವವರನ್ನು ಹಳೇ ಕಾಲದ ಮೇಷ್ಟ್ರ ಹಾಗೆ ಝಾಡಿಸುವ ಹಾಡು, ಅದನ್ನು ಹೊಗಳುವ ಸಾಲಿನಲ್ಲೇ ನೀವು ಮೂರು ಕಾಗುಣಿತ ತಪ್ಪು ಮಾಡಿದ್ದೀರಿ. ಓದಿ ಒಬ್ಬನೇ ನಕ್ಕೆ. ನಿಮ್ಮ ಲೇಖನ ನನ್ನನ್ನು ನಗಿಸಿದ್ದು ಅದೊಂದೇ ಸಲ. ಅದೂ ನಿಮಗೆ ಗೊತ್ತಿಲ್ಲದೆ.

ಕಾಗುಣಿತ ನಾವು ತಿದ್ದಿಕೊಳ್ಳುತ್ತೇವೆ, ಅದು ದೊಡ್ಡ ಸಂಗತಿ ಅಲ್ಲ. ದೊಡ್ಡ ಸಂಗತಿ ಬೇರೆ. ‘ಈ ಹಾಡು ಕೇಳಿದರೆ ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತದೆ’ ಅಂತ ಬರೆಯುತ್ತೀರಿ. ಮುಂದಿನ ಹಾಡಿಗೆ ‘ಇದಂತೂ ಇನ್ನೂ ತಮಾಷೆ’ ಎನ್ನುತ್ತೀರಿ. ಹುಣ್ಣಾದದ್ದು ನಿಮ್ಮ ಹೊಟ್ಟೆಯಲ್ಲಿ. ಓದುವವನ ಹೊಟ್ಟೆಗೆ ಏನೂ ಬರಲಿಲ್ಲ.

ಅಣಕವಾಡಿನ ಬಗ್ಗೆ ಬರೆಯುವಾಗ ಒಂದು ತೊಂದರೆ ಉಂಟು, ಅದನ್ನು ನೀವು ಗಮನಿಸಿಯೇ ಇಲ್ಲ. ಮೂಲ ಹಾಡು ಗೊತ್ತಿಲ್ಲದವನಿಗೆ ಅಣಕ ನಗು ತರಿಸುವುದಿಲ್ಲ. ಯಕ್ಷಗಾನದ ಆಟದಲ್ಲಿ ಹಾಸ್ಯಗಾರ ರಾಜನ ನಡಿಗೆಯನ್ನು ಅಣಕಿಸಿದಾಗ ಎಲ್ಲರೂ ನಗುತ್ತಾರಲ್ಲ, ಯಾಕೆ? ಐದು ನಿಮಿಷದ ಹಿಂದಷ್ಟೇ ಆ ರಾಜ ಚೆಂಡೆಯ ಪೆಟ್ಟಿಗೆ ಮೀಸೆ ತಿರುವುತ್ತಾ ಬಂದದ್ದನ್ನು ಕಣ್ಣಾರೆ ನೋಡಿದ್ದಾರೆ. ಕಿರೀಟ ಕಟ್ಟಿದವನು ರಂಗಕ್ಕೆ ಬರುವ ಮೊದಲೇ ಹಾಸ್ಯಗಾರ ಅಣಕಿಸಿದರೆ ಜನ ಪಿಳಿಪಿಳಿ ನೋಡುತ್ತಾರೆ. ಅಮೆರಿಕದ ಕೇಳುಗರಿಗೆ ಮೂಲ ಹಾಡು ರೇಡಿಯೋದಲ್ಲಿ ಕೇಳಿ ಕೇಳಿ ಸಾಕಾಗಿರುತ್ತದೆ. ಕಾಪುವಿನಲ್ಲೋ ಕಾರ್ಕಳದಲ್ಲೋ ಕೂತು ನಮ್ಮ ಪತ್ರಿಕೆ ಓದುವವರಿಗೆ ಹಾಗಲ್ಲ. ಅವರಿಗೆ ಮೊದಲು ರಾಜನ ಪ್ರವೇಶ ಮಾಡಿಸಬೇಕಾದವರು ನೀವೇ. ಜಾಸ್ತಿ ಬೇಡ, ಎರಡು ಸಾಲು ಸಾಕು.

‘ಫಾಯಿಲ್’ ಹಾಡನ್ನೇ ತೆಗೆದುಕೊಳ್ಳಿ. ನೀವು ಬರೆದದ್ದು ಇಷ್ಟು: ‘ಫಾಯಿಲ್ ಕೂಡ ಅದ್ಬುತವಾದ ಹಾಡು, ಸಾಹಿತ್ಯ ಸೂಪರ್.’ ನಾನಾಗಿದ್ದರೆ ಹೀಗೆ ಶುರು ಮಾಡುತ್ತಿದ್ದೆ. 2013ರಲ್ಲಿ ನ್ಯೂಜಿಲೆಂಡಿನ ಲಾರ್ಡ್ ಎಂಬ 16 ವರ್ಷದ ಹುಡುಗಿಯ ಹಾಡು ಲೋಕವೆಲ್ಲ ಹರಡಿತು. ವಾದ್ಯಗಳ ಗದ್ದಲ ಇಲ್ಲ, ಒಂದು ತಾಳ, ಬೆರಳು ಚಿಟಿಕೆ, ತಣ್ಣನೆಯ ಗಂಭೀರ ಧ್ವನಿ. ವಜ್ರ, ದುಬಾರಿ ಕಾರು ಇವೆಲ್ಲ ನಮ್ಮಂಥವರಿಗಲ್ಲ ಎನ್ನುವ ಹಾಡು. ಯಾಂಕೋವಿಕ್ ಅದೇ ಧ್ವನಿ, ಅದೇ ಗಾಂಭೀರ್ಯ ಇಟ್ಟುಕೊಂಡು ಮಿಕ್ಕ ಊಟವನ್ನು ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಹೇಗೆ ಕಟ್ಟಿಡಬೇಕು ಅಂತ ಹಾಡುತ್ತಾರೆ. ಇಲ್ಲಿಗೆ ಒಂದು ನಗು. ಆದರೆ ಹಾಡು ಅಲ್ಲಿಗೆ ನಿಲ್ಲುವುದಿಲ್ಲ. ನಡುವಿನಲ್ಲಿ ದಾರಿ ತಪ್ಪುತ್ತದೆ. ಅಡುಗೆ ಮಾತಾಡುತ್ತಿದ್ದ ಮನುಷ್ಯ ಇದ್ದಕ್ಕಿದ್ದಂತೆ ಜಗತ್ತನ್ನು ಆಳುವ ಗುಪ್ತ ಸಂಘಗಳ ವಿಷಯಕ್ಕೆ ಹಾರುತ್ತಾನೆ. ತಲೆಯೊಳಗಿನ ಯೋಚನೆಯನ್ನು ಯಾರೂ ಕದಿಯಬಾರದು ಅಂತ ಅದೇ ಫಾಯಿಲನ್ನು ಟೋಪಿ ಮಾಡಿ ಹಾಕಿಕೊಳ್ಳುತ್ತಾನೆ. ಸ್ವರ ಮಾತ್ರ ಒಂದಿಷ್ಟೂ ಬದಲಾಗುವುದಿಲ್ಲ. ನಿನ್ನೆಯ ಪಲ್ಯಕ್ಕೂ ಜಗತ್ತಿನ ಪಿತೂರಿಗೂ ಒಂದೇ ಸ್ವರ! ಮಜಾ ಇರುವುದು ಅಲ್ಲಿ. ಹಾಡು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಬರೆಯಲಿಲ್ಲ, ಅಲ್ವಾ?

ಇನ್ನೊಂದು. ಆಲ್ಬಮ್ಮಿನಲ್ಲಿ ಇರುವುದು 12 ಹಾಡು. ಅದರಲ್ಲಿ ನೇರ ಅಣಕವಾಡು 5. ಒಂದು ಪೋಲ್ಕಾ, ಅಂದರೆ ಆ ವರ್ಷಗಳ ಹಿಟ್ ಹಾಡುಗಳ ತುಣುಕನ್ನೆಲ್ಲ ಅಕಾರ್ಡಿಯನ್ ಹಿಡಿದು ಕುಣಿಸಿಬಿಡುವುದು. ಉಳಿದ 6 ಹಾಡುಗಳ ಹೆಸರನ್ನೂ ನೀವು ಎತ್ತಿಲ್ಲ. ಅವು ಯಾವುದೋ ಒಂದು ಹಾಡಿನ ಅಣಕ ಅಲ್ಲ, ಹೆಚ್ಚಿನವು ಒಬ್ಬ ಗಾಯಕನ ಅಥವಾ ತಂಡದ ಇಡೀ ಧಾಟಿಯ ಅಣಕ. ರಾಗ ಹೊಸದು, ಮಾತು ಹೊಸದು, ಚಹರೆ ಮಾತ್ರ ಅವರದು. ನನ್ನ ಲೆಕ್ಕದಲ್ಲಿ ಅದೇ ಕಷ್ಟದ ಕೆಲಸ. ‘ಮಿಷನ್ ಸ್ಟೇಟ್‌ಮೆಂಟ್’ ಕೇಳಿ ನೋಡಿ. ಕ್ರಾಸ್ಬಿ, ಸ್ಟಿಲ್ಸ್, ನ್ಯಾಶ್ ಅಂತ ಅರವತ್ತರ ದಶಕದ ಕೊನೆಯಲ್ಲಿ ಒಂದು ತಂಡ ಹುಟ್ಟಿತು. ಉದ್ದ ಕೂದಲು, ಶಾಂತಿ, ಪ್ರೀತಿ, ಮೂರು ದನಿ ಸೇರಿದರೆ ಜೇನು. ಆ ದನಿಯಲ್ಲಿ ಯಾಂಕೋವಿಕ್ ಹಾಡುವುದು ಕಂಪನಿ ಮೀಟಿಂಗಿನ ಪೊಳ್ಳು ಮಾತುಗಳನ್ನು. ಇದನ್ನು ನಮ್ಮವರಿಗೆ ಹೇಳುವುದು ಏನು ಕಷ್ಟ ಮಾರಾಯ್ರೇ? ಬ್ಯಾಂಕುಗಳು ಹುಟ್ಟಿದ ಜಿಲ್ಲೆ ಇದು. ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ, ಎರಡೂ ಉಡುಪಿಯಲ್ಲೇ. ಮನೆಗೊಬ್ಬರು ನಿವೃತ್ತ ಮ್ಯಾನೇಜರ್ ಇದ್ದಾರೆ. ಹೆಡ್ ಆಫೀಸಿನ ಸರ್ಕ್ಯುಲರನ್ನು ಶನಿವಾರ ಸಂಜೆ ಭಜನಾ ಮಂಡಳಿಯವರು ತಾಳ ಹಾಕಿ, ಕಣ್ಣು ಮುಚ್ಚಿ, ಭಕ್ತಿಯಿಂದ ಹಾಡಿದ ಹಾಗೆ ಅಂತ ಬರೆಯಿರಿ. ಮ್ಯಾನೇಜರರಿಗೆ ಒಂದೇ ಏಟಿಗೆ ಗೊತ್ತಾಗುತ್ತದೆ.

ಅಕಾರ್ಡಿಯನ್ ಅಂದಾಗ ನೆನಪಾಯಿತು. ಯಾಂಕೋವಿಕ್ ಏಳು ವರ್ಷ ತುಂಬುವ ಮೊದಲೇ ಅದನ್ನು ಕಲಿಯಲು ಶುರು ಮಾಡಿದರು ಅಂತ ಬರೆದಿದ್ದೀರಿ, ಸರಿ. ಅದು ಏನು ಅಂತಲೂ ಹೇಳಿ. ನಮ್ಮ ಹಾರ್ಮೋನಿಯಂನ ಹಾಗೇ ತಿದಿ, ರೀಡು. ನೆಲದಲ್ಲಿ ಇಡುವ ಬದಲು ಎದೆಗೆ ಕಟ್ಟಿಕೊಳ್ಳುತ್ತಾರೆ, ಅಷ್ಟೇ.

‘ದಾಖಲೆಗಳನ್ನೆಲ್ಲ ಪುಡಿಗಟ್ಟಿದರು’ ಎಂಬ ವಾಕ್ಯ ತೆಗೆಯಿರಿ. ಯಾವ ದಾಖಲೆ? 2014ರ ಜುಲೈಯಲ್ಲಿ ಈ ಆಲ್ಬಮ್ ಅಮೆರಿಕದ ಜನಪ್ರಿಯ ಆಲ್ಬಮ್‌ಗಳ ಬಿಲ್‌ಬೋರ್ಡ್ ಪಟ್ಟಿಗೆ ನೇರವಾಗಿ ಮೊದಲ ಸ್ಥಾನಕ್ಕೇ ಬಂತು. ಹಾಸ್ಯದ ಆಲ್ಬಮ್ ಒಂದು ಆ ಪಟ್ಟಿಯ ತುದಿ ಮುಟ್ಟಿದ್ದು 1963ರ ನಂತರ ಅದೇ ಮೊದಲು. 8 ದಿನದಲ್ಲಿ 8 ವಿಡಿಯೋ ಬಿಟ್ಟಿದ್ದರು. ಅವರ ಮೊದಲ ಆಲ್ಬಮ್ 1983ರದ್ದು, ಇದು 14ನೆಯದು. 31 ವರ್ಷ ಅಕಾರ್ಡಿಯನ್ ಹೊತ್ತ ಮೇಲೆ ಮೊದಲ ಸಲ ನಂಬರ್ ಒನ್! ಇಷ್ಟು ಬರೆದರೆ ಪುಡಿಗಟ್ಟುವ ಕೆಲಸ ಇಲ್ಲ.

‘ಮೂಲ ಕಲಾವಿದರ ಒಪ್ಪಿಗೆ ಇಲ್ಲದೆ ಅವರು ಎಂದೂ ಹಾಡಿದವರಲ್ಲ’ ಎಂದಿದ್ದೀರಿ. ಇದು ಅಭಿಮಾನಿಯ ಮಾತು. ಕಾನೂನು ಕೇಳದಿದ್ದರೂ ಅವರು ಒಪ್ಪಿಗೆ ಕೇಳುತ್ತಾರೆ, ಅದು ನಿಜ. ಆದರೆ 1996ರಲ್ಲಿ ಕೂಲಿಯೋ ಎಂಬ ರ‍್ಯಾಪರ್ ‘ನಾನು ಒಪ್ಪಿಯೇ ಇಲ್ಲ’ ಅಂತ ಸಿಟ್ಟಾಗಿದ್ದರು. ರೆಕಾರ್ಡ್ ಕಂಪನಿಯವರ ಮೂಲಕ ಬಂದ ಹೂಂ ನಂಬಿ ಯಾಂಕೋವಿಕ್ ಹಾಡಿಬಿಟ್ಟಿದ್ದರು. ಆಮೇಲೆ ಕ್ಷಮೆ ಕೇಳಿದರು. ವರ್ಷಗಳ ನಂತರ ಇಬ್ಬರಿಗೂ ರಾಜಿಯಾಯಿತು, ತಾನು ಸಿಟ್ಟಾದದ್ದೇ ತಪ್ಪು ಅಂತ ಕೂಲಿಯೋ ಕೂಡ ಹೇಳಿದರು. ಇದನ್ನು ಬರೆದರೆ ನಿಮ್ಮ ಅಲ್ ಸಣ್ಣವರಾಗುವುದಿಲ್ಲ. ಮನುಷ್ಯರಾಗಿ ಕಾಣುತ್ತಾರೆ.

‘ಕನ್ನಡದಲ್ಲಿ ಇಂಥ ಪ್ರಯತ್ನವೇ ನಡೆದಿಲ್ಲ’ ಎಂಬ ಸಾಲಿಗೆ ಕೆಂಪು ಶಾಯಿಯಲ್ಲಿ ಗೀಟು ಎಳೆದಿದ್ದೇನೆ, ಪೇಪರ್ ಹರಿದಿದ್ದರೆ ಕ್ಷಮಿಸಿ. ಕೈಲಾಸಂ ಏನು ಮಾಡಿದರು? ಲಂಡನ್ನಿನಲ್ಲಿ ಭೂವಿಜ್ಞಾನ ಓದಲು ಹೋದವರು ಅಲ್ಲಿನ ನಾಟಕ, ಹಾಡು ಎಲ್ಲ ತಲೆಯಲ್ಲಿ ತುಂಬಿಕೊಂಡು ಬಂದರು. ಇಂಗ್ಲಿಷ್ ಸೈನಿಕರ ಟಿಪ್ಪರೇರಿ ಹಾಡು ಅವರ ಬಾಯಲ್ಲಿ ತಿಪ್ಪಾರಳ್ಳಿ ಆಯಿತು. ಕಾನ್‌ಸ್ಟಾಂಟಿನೋಪಲ್ ಅಂತ ಅಕ್ಷರ ಬಿಡಿಸಿ ಹಾಡುವ ಹಾಡು ಕೋಳೀಕೆ ರಂಗ ಆಯಿತು. ನಿಮ್ಮ ಹೀರೋ ಹುಟ್ಟುವ ಎಷ್ಟೋ ಮೊದಲಿನ ಮಾತಿದು, ಅವರು ಹುಟ್ಟಿದ್ದು 1959ರಲ್ಲಿ. ನಮ್ಮ ತುಳು ನಾಟಕದ ಮಾತಂತೂ ಎತ್ತುವುದೇ ಬೇಡ. ಸಿನಿಮಾ ಹಾಡಿನ ಧಾಟಿಗೆ ಬಾಡಿಗೆ ಮನೆ, ಮದುವೆ ದಲ್ಲಾಳಿ, ಮೀನಿನ ರೇಟು ತುಂಬಿಸಿ ಹಾಡಿದ್ದನ್ನು ನೀವೂ ಸಣ್ಣವರಿದ್ದಾಗ ಗದ್ದೆಯಲ್ಲಿ ಕೂತು ನೋಡಿರುತ್ತೀರಿ.

ಒಂದು ದೂರಾದರೂ ಇರಬೇಕಿತ್ತು. 12 ಹಾಡಿನಲ್ಲಿ ಒಂದೂ ಸಪ್ಪೆ ಇಲ್ಲವಾ? ‘ಜಾಕ್ಸನ್ ಪಾರ್ಕ್ ಎಕ್ಸ್‌ಪ್ರೆಸ್’ ನನಗೆ ಉದ್ದ ಜಾಸ್ತಿಯಾಯಿತು. ಸಿಟಿ ಬಸ್ಸಿನಲ್ಲಿ ಎದುರು ಕೂತ ಹೆಂಗಸಿನ ಒಂದೊಂದು ನೋಟಕ್ಕೂ ತಾನೇ ಅರ್ಥ ಕಟ್ಟಿ, ಇಡೀ ಪ್ರೇಮಕಥೆಯನ್ನು ತಲೆಯಲ್ಲೇ ನಡೆಸುವ ಗಂಡಸು. ಉಪಾಯ ಚೆಂದ. ಆದರೆ ಒಂಬತ್ತು ನಿಮಿಷ! ಆರಕ್ಕೇ ಇಳಿಸಿಬಿಡಬಹುದಿತ್ತು. ನೀವು ಒಪ್ಪಲಿಕ್ಕಿಲ್ಲ. ಹಾಗಾದರೆ ಜಗಳ ಮಾಡಿ, ಲೇಖನದಲ್ಲೇ ಮಾಡಿ.

ಬಸ್ಸು ಅಂದೆನಲ್ಲ. ನಾಲ್ಕನೇ ಪುಟದ ಪ್ಯಾರಾ ಅದೇ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಉಡುಪಿಗೆ ಹೊರಟ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ನೀವು ‘ಫಾಯಿಲ್’ ಕೇಳುತ್ತಿದ್ದಿರಿ. ಮೂಲ್ಕಿ ದಾಟುವಾಗ ಜೋರಾಗಿ ನಕ್ಕುಬಿಟ್ಟಿರಿ. ಪಕ್ಕದಲ್ಲಿ ಬಾಳೆಲೆಯ ಕಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ ಹೆಂಗಸು ‘ಎಂಥ ಮಾರಾಯ, ಒಬ್ಬನೇ ನಗಾಡ್ತಿ?’ ಅಂತ ಕೇಳಿದರು. ನೀವು ಒಂದು ಇಯರ್‌ಫೋನ್ ಅವರ ಕಿವಿಗೆ ಕೊಟ್ಟಿರಿ. ಅವರು ಗಂಭೀರವಾಗಿ ಕೇಳಿ ‘ಅವ ಎಂಥ ಹೇಳುವುದು?’ ಅಂದರು. ಆಮೇಲೆ ನೀವು ಬರೆದದ್ದು: ‘ಅವರಿಗೆ ಅರ್ಥ ಮಾಡಿಸಲು ಪ್ರಯತ್ನಿಸಿದೆ. ಅವರು ಕಟಪಾಡಿಯಲ್ಲಿ ಇಳಿದುಹೋದರು.’ ಅಲ್ಲಿಂದ ಸೀದಾ ಗ್ರ್ಯಾಮಿ ಪ್ರಶಸ್ತಿಗಳ ಪಟ್ಟಿಗೆ ಹಾರಿದ್ದೀರಿ.

ಮೂಲ್ಕಿಯಿಂದ ಕಟಪಾಡಿ ತನಕ ಏನಿಲ್ಲವೆಂದರೂ ಅರ್ಧ ಗಂಟೆ ಸಿಕ್ಕಿರುತ್ತದೆ. ನನಗೆ ಬೇಕಾದ ಲೇಖನ ಆ ಅರ್ಧ ಗಂಟೆಯಲ್ಲಿ ಇದೆ. ಮೊದಲು ಏನು ಹೇಳಿದಿರಿ? ಲಾರ್ಡ್ ಯಾರು ಅಂತ ಹೇಗೆ ಹೇಳಿದಿರಿ? ಫಾಯಿಲ್ ಟೋಪಿಗೆ ಏನು ಉದಾಹರಣೆ ಕೊಟ್ಟಿರಿ? ಕಟಪಾಡಿಯಲ್ಲಿ ಇಳಿದವರು ಅಂದರೆ ಆ ಬಾಳೆಲೆಯೊಳಗೆ ಅಲ್ಲೇ ಹತ್ತಿರದ ಶಂಕರಪುರದ ಮಲ್ಲಿಗೆ ಇದ್ದಿರಬಹುದು ಅಂತ ನನ್ನ ಊಹೆ. ಹೌದಾದರೆ ಹೂವು ಬಾಡದ ಹಾಗೆ ಕಟ್ಟುವುದು ಗೊತ್ತಿರುವ ಹೆಂಗಸಿಗೆ ನೀವು ಊಟ ಹಾಳಾಗದ ಹಾಗೆ ಕಟ್ಟುವ ಹಾಡು ಕೇಳಿಸಿದ್ದೀರಿ. ಅದು ನಿಮಗೆ ಹೊಳೆಯಲಿಲ್ಲವಾ?

ಲೇಖನವನ್ನು ಆ ಬಸ್ಸಿನಿಂದಲೇ ಶುರು ಮಾಡಿ. ಪ್ರಶಸ್ತಿ ಪಟ್ಟಿ ಬೇಡ. 900 ಪದ ಸಾಕು. ಬರುವ ತಿಂಗಳ ಹತ್ತರೊಳಗೆ ಕಳಿಸಿದರೆ ಮುಂದಿನ ಸಂಚಿಕೆಗೆ ನೋಡೋಣ.

ಮತ್ತೆ, ಆ ಹೆಂಗಸು ಇಳಿಯುವ ಮೊದಲು ನಕ್ಕರಾ ಇಲ್ಲವಾ? ಅದನ್ನು ಬರೆಯಲು ಮರೆಯಬೇಡಿ.

ಇಂತು,
ಸಂಪಾದಕ