ಸ್ವಂತವಾಗಿ ಅಂಗಡಿಗಳ ಲೆಕ್ಕ ಬರೆಯಬೇಕೆಂದಿದ್ದೇನೆ, ಮೊದಲ ಪಾರ್ಟಿ (ಗ್ರಾಹಕ) ಹುಡುಕೋದು ಹೇಗೆ?

ಬಿ.ಕಾಂ. ಆಗಿದೆ, ಆಡಿಟರ್ ಆಫೀಸಿನಲ್ಲಿ ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಮಾಡಿದ ಅನುಭವ ಇದೆ, ಈಗ ಹುಬ್ಬಳ್ಳಿಯಲ್ಲಿ ಮನೆಯಿಂದಲೇ ಶುರು ಮಾಡಬೇಕು ಎಂದಿದ್ದೀರಿ. ನನ್ನ ಸಲಹೆ: ಅಂಗಡಿಗಳಿಗಿಂತ ಮೊದಲು ಸಣ್ಣ ಸಿಎ ಆಫೀಸುಗಳಿಗೆ ಹೋಗಿ. ಸೆಪ್ಟೆಂಬರ್ 30ರ ಟ್ಯಾಕ್ಸ್ ಆಡಿಟ್ ಗಡುವು ಹತ್ತಿರ ಬಂದಾಗ ಅವರಲ್ಲಿ ಎಂಟ್ರಿ ಹಾಕಲು ಜನ ಸಾಲುವುದಿಲ್ಲ. ಮೇ, ಜೂನ್‌ನಲ್ಲೇ ಕೇಳಿಡಿ. ಪಾರ್ಟಿಯನ್ನು ನೀವು ಎಳೆದುಕೊಳ್ಳುತ್ತೀರೇನೋ ಎಂಬುದೇ ಅವರ ಭಯ. ಹಾಗಾಗಿ ಆಡಿಟ್, ರಿಟರ್ನ್ ನಿಮ್ಮದು, ತಿಂಗಳ ಲೆಕ್ಕದ ಪುಸ್ತಕ ಮಾತ್ರ ನನ್ನದು ಅಂತ ಮೊದಲೇ ಹೇಳಿ. ಹಳೇ ಆಫೀಸಿನ ಪಾರ್ಟಿಗಳನ್ನಂತೂ ಮುಟ್ಟಲೇಬೇಡಿ.

ಇನ್ನು ನೇರವಾಗಿ ಹುಡುಕುವುದಾದರೆ ಬೇಕರಿ, ಕಾಂಡಿಮೆಂಟ್ಸ್, ಕಿರಾಣಿ ಅಂಗಡಿಗಳನ್ನು ನೋಡಿ. 2025ರ ಜುಲೈನಲ್ಲಿ ಯುಪಿಐ ಜಮೆ ನೋಡಿ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟಾಗಿನಿಂದ ಪುಸ್ತಕ ಯಾಕೆ ಬೇಕು ಅಂತ ಅವರಿಗೆ ಬಿಡಿಸಿ ಹೇಳಬೇಕಿಲ್ಲ. ಯುಪಿಐಗೆ ಬಂದಿದ್ದೆಲ್ಲ ತೆರಿಗೆ ಬೀಳುವ ವ್ಯಾಪಾರವಲ್ಲ: ಅದರಲ್ಲಿ ಹಾಲು, ತರಕಾರಿ ಮಾರಿದ ದುಡ್ಡು, ಕೈಗಡ, ಮನೆಯವರು ಹಾಕಿದ ಹಣ ಎಲ್ಲ ಬೆರೆತಿರುತ್ತದೆ. ಅದನ್ನು ಬಿಡಿಸಿ ತೋರಿಸುವ ಪುಸ್ತಕ ಇಲ್ಲದಿದ್ದರೆ ವಾದಕ್ಕೆ ಆಧಾರವೇ ಇರುವುದಿಲ್ಲ. ಬರೀ ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ವಾರ್ಷಿಕ ವಹಿವಾಟಿನ ಮಿತಿ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ. ಹನ್ನೆರಡು ತಿಂಗಳ ಸ್ಟೇಟ್‌ಮೆಂಟ್ ನೋಡಿ ಅವರು ಎಲ್ಲಿದ್ದಾರೆ ಅಂತ ಹೇಳಿಕೊಟ್ಟರೆ ಅರ್ಧ ನಂಬಿಕೆ ಅಲ್ಲೇ ಬರುತ್ತದೆ. ಮೊದಲ ಮೂರು ಪಾರ್ಟಿ ಒಂದೇ ವ್ಯಾಪಾರದವರಾಗಿದ್ದರೆ ಒಳ್ಳೆಯದು, ತೆರಿಗೆ ದರ, ಸಪ್ಲೈಯರ್‌ಗಳು ಬೇಗ ಬಾಯಿಪಾಠವಾಗುತ್ತವೆ.

ರೇಟನ್ನು ವಹಿವಾಟಿನ ಮೊತ್ತದ ಮೇಲೆ ಹೇಳಬೇಡಿ. ಬಿಲ್ ಎಷ್ಟು, ಬ್ಯಾಂಕ್ ಎಂಟ್ರಿ ಎಷ್ಟು, ಖಾತೆ ಎಷ್ಟು ಅಂತ ಎಣಿಸಿ. ತಿಂಗಳಿಗೆ ಹತ್ತು ಗಂಟೆ ಹಿಡಿದರೆ, ಗಂಟೆಗೆ 300ರಂತೆ 3,000. ಹಳೇ ಬಾಕಿ ವರ್ಷಗಳ ಲೆಕ್ಕಕ್ಕೆ ಬೇರೆ ರೇಟು, ಅರ್ಧ ಮುಂಗಡ. ಹೊಸಬರು ಸೋಲುವುದು ಹೆಚ್ಚಾಗಿ ಇಲ್ಲೇ. ಮಾಸಿಕ ದರದಲ್ಲೇ ಎರಡು ವರ್ಷದ ಬಿಲ್ ಚೀಲ ಬಿಚ್ಚಿ ಕೂರುತ್ತಾರೆ.

ಕೆಲಸ ಹಿಡಿದ ಮೇಲೆ ಮೊದಲು ಕೇಳಬೇಕಾದ್ದು ಹಿಂದಿನ ವರ್ಷದ ಬ್ಯಾಲೆನ್ಸ್ ಶೀಟ್ ಮತ್ತು ಎಲ್ಲ ಖಾತೆಗಳ ಸ್ಟೇಟ್‌ಮೆಂಟ್, ಕ್ಯೂಆರ್ ಜೋಡಿಸಿದ ಮನೆಯ ಖಾತೆಯೂ ಸೇರಿ. ಎಂಟ್ರಿ ಮುಗಿದ ಕೂಡಲೇ ಕ್ಯಾಶ್ ಬುಕ್ ದಿನದ ಲೆಕ್ಕದಲ್ಲಿ ತೆರೆದು ನೋಡಿ. ಯಾವುದೋ ದಿನ ಕ್ಯಾಶ್ ಮೈನಸ್ ಬಂತೆಂದರೆ ಹೆಚ್ಚಾಗಿ ಮಾರಾಟ ಬರೆದಿಲ್ಲ, ಇಲ್ಲವೇ ಮಾಲೀಕರು ಕೈಯಿಂದ ಹಾಕಿದ್ದು ಬರೆದಿಲ್ಲ. ಕೇಳಿ ಬರೆಯಿರಿ, ಸಸ್ಪೆನ್ಸ್‌ಗೆ (ಯಾವುದೆಂದು ಗೊತ್ತಾಗದ ಎಂಟ್ರಿ ಹಾಕಿಡುವ ಖಾತೆಗೆ) ತಳ್ಳಬೇಡಿ.

ಬಿಲ್‌ಗಳು ಪ್ರತಿ ತಿಂಗಳು 5ರೊಳಗೆ ನಿಮ್ಮ ಕೈಗೆ ಬರಲಿ. ಗಡುವುಗಳು ಹೀಗಿವೆ: ಟಿಡಿಎಸ್ (ಪಾವತಿಯಲ್ಲೇ ಹಿಡಿದ ತೆರಿಗೆ) ಕಟ್ಟಲು ಸಾಮಾನ್ಯವಾಗಿ 7, ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1ಕ್ಕೆ 11, ತೆರಿಗೆ ಕಟ್ಟುವ ರಿಟರ್ನ್ 3ಬಿಗೆ 20. ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವರಿಗೆ ಈ ಎರಡಕ್ಕೆ ಕರ್ನಾಟಕದಲ್ಲಿ 13 ಮತ್ತು 22. 14ಕ್ಕೆ 2ಬಿ (ಸಪ್ಲೈಯರ್‌ಗಳು ತೋರಿಸಿದ ಬಿಲ್‌ಗಳ ಪಟ್ಟಿ) ಬರುತ್ತದೆ, ಅಂದೇ ಖರೀದಿ ಪುಸ್ತಕದ ಜೊತೆ ತಾಳೆ ನೋಡಿ. ಒಂದು ಲಕ್ಷದ ಖರೀದಿಗೆ 18,000 ತೆರಿಗೆ ಕೊಟ್ಟಿದ್ದರೂ, ಸಪ್ಲೈಯರ್ ಜಿಎಸ್‌ಟಿ ನಂಬರ್ ತಪ್ಪು ಹೊಡೆದಿದ್ದರೆ ಅದು 2ಬಿಯಲ್ಲಿ ಕಾಣುವುದಿಲ್ಲ, ಆ ತಿಂಗಳು ಕ್ಲೇಮ್ (ಕಟ್ಟಬೇಕಾದ ತೆರಿಗೆಯಲ್ಲಿ ಅದನ್ನು ಕಳೆಯುವುದು) ಇಲ್ಲ, ಅಷ್ಟನ್ನೂ ಕೈಯಿಂದ ಕಟ್ಟಬೇಕು. ಹೀಗೆ ಬಿಟ್ಟುಹೋದ ಬಿಲ್‌ಗಳ ಪಟ್ಟಿಯನ್ನು 15ಕ್ಕೆ ಮಾಲೀಕರಿಗೆ ವಾಟ್ಸಾಪ್ ಮಾಡಿ. ಸಪ್ಲೈಯರ್ ಸರಿಪಡಿಸುವ ತನಕ ಅವರಿಗೆ ಕೊಡಬೇಕಾದದ್ದರಲ್ಲಿ ತೆರಿಗೆಯಷ್ಟು ಹಣವನ್ನು ಮಾಲೀಕರು ತಡೆಹಿಡಿಯಲಿ. ನೀವು ಬೇಕೇ ಬೇಕು ಅಂತ ಮಾಲೀಕರಿಗೆ ಅನಿಸುವುದು ಈ ಪಟ್ಟಿಯಿಂದಲೇ, ಮುಂದಿನ ಪಾರ್ಟಿಗೆ ನಿಮ್ಮ ಹೆಸರು ಹೇಳುವುದೂ ಇದಕ್ಕೇ.

ಜಿಎಸ್‌ಟಿ ರಿಟರ್ನ್ ತಡವಾದರೆ ದಿನಕ್ಕೆ 50 ರೂಪಾಯಿ ದಂಡ, ಶೂನ್ಯ ರಿಟರ್ನ್‌ಗೆ 20. ಮಾಲೀಕರು ಬಿಲ್ ತಡವಾಗಿ ಕೊಟ್ಟರೆ ಆ ದಂಡ ಅವರದು, ನೀವು ಮರೆತರೆ ನಿಮ್ಮದು ಅಂತ ಒಂದು ಪುಟದ ಪತ್ರದಲ್ಲಿ ಬರೆದು ಸಹಿ ಹಾಕಿಸಿ. ಜಿಎಸ್‌ಟಿ ಪೋರ್ಟಲ್‌ಗೆ ಮಾಲೀಕರ ಮೊಬೈಲ್ ನಂಬರೇ ಇರಲಿ, ನಿಮ್ಮದು ಕೊಡಬೇಡಿ. ಟ್ಯಾಲಿ ಬ್ಯಾಕಪ್ ಪ್ರತಿ ತಿಂಗಳು ಅವರಿಗೂ ಒಂದು ಪ್ರತಿ ಕಳಿಸಿ.